ಅಡುಗೆಮನೆಯ ಬಿಸಿಲುಕೋಲು: ಮೊದಲ ಸಲ ಹಾಕ್ತಿದ್ದೇನೆ, ತಪ್ಪಿದ್ದರೆ ಹೇಳಿ

ಹೆಂಚಿನಮನೆ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ನಿಮ್ಮ ಫೋಟೋಗಳ ಕೆಳಗೆ "ಸೂಪರ್" ಅಂತ ಬರೆದು ಜಾಗ ಖಾಲಿ ಮಾಡ್ತಿದ್ದವನು ನಾನು. ಇವತ್ತು ಧೈರ್ಯ ಮಾಡಿ ನನ್ನದೂ ಒಂದು.

ಶಿರಸಿ ಹತ್ತಿರ ನಮ್ಮ ಹಳೇ ಮನೆ. ಫೆಬ್ರವರಿ ಎರಡನೇ ವಾರ, ಬೆಳಿಗ್ಗೆ ಹತ್ತೂವರೆ. ಆಲೆಮನೆಯಿಂದ ಅವತ್ತಷ್ಟೇ ಕಬ್ಬಿನ ಹಾಲು ಬಂದಿತ್ತು, ಅಜ್ಜಿ ತೊಡದೇವು ಮಾಡಲು ಕೂತಿದ್ದರು. ಗೊತ್ತಿಲ್ಲದವರಿಗೆ: ಮಡಕೆಯನ್ನು ಬೋರಲು ಹಾಕಿ ಅಡಿಯಲ್ಲಿ ಬೆಂಕಿ. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಾದ ಮಡಕೆಯ ಬೆನ್ನಿಗೆ ಒಂದೇ ಸಲ ತೊಡೆಯಬೇಕು. ಕಾಗದದಷ್ಟು ತೆಳ್ಳಗೆ ಏಳ್ತದೆ. ಮೆತ್ತಗಿರುವಾಗಲೇ ಮಡಚಬೇಕು, ಒಂದು ಉಸಿರು ತಡವಾದರೂ ಪುಡಿ.

ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚಿದೆ. ಅಲ್ಲಿಂದ ಇಳಿದ ಬಿಸಿಲು ಒಲೆಯ ಹೊಗೆಯಲ್ಲಿ ಕೋಲಿನ ಹಾಗೆ ನಿಂತಿತ್ತು. ಅಣ್ಣ ಬಿಟ್ಟುಹೋದ ಹಳೇ ಡಿಎಸ್ಎಲ್ಆರ್, 50 ಎಂಎಂ ಲೆನ್ಸ್, ಎಫ್ 4, 1/15 ಸೆಕೆಂಡ್, ಐಎಸ್ಒ 400. ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ಬಿಗಿಹಿಡಿದು ತೆಗೆದದ್ದು. ಬೈಯುವುದಿದ್ದರೆ ಮೆಲ್ಲಗೆ ಬೈಯಿರಿ.

ಒಗ್ಗರಣೆ
ಅಯ್ಯೋ, ಇದನ್ನ ಮೊದಲ ಫೋಟೋ ಅಂತೀರಲ್ಲ! ಕೈ ಮಸುಕಾಗಿರೋದೇ ನನಗೆ ಇಷ್ಟವಾಯ್ತು. ಮಡಕೆ ಅಲ್ಲಾಡ್ತಿಲ್ಲ, ಅಜ್ಜಿ ಮುಖ ಅಲ್ಲಾಡ್ತಿಲ್ಲ, ಬಟ್ಟೆ ಹಿಡಿದ ಕೈ ಮಾತ್ರ ಓಡ್ತಿದೆ. ಎಷ್ಟು ಬೇಗ ತೊಡೀತಾರೆ ಅಂತ ಆ ಮಸುಕು ನೋಡಿದರೇ ಗೊತ್ತಾಗುತ್ತೆ.

ಮೂರುಕಾಲು
ಚೆನ್ನಾಗಿದೆ. ಎರಡು ಮಾತು. ಒಂದು, ಅಜ್ಜಿಯ ತಲೆಯ ಮೇಲೆ ಬಿಸಿಲು ಬಿದ್ದ ಕಡೆ ಬಿಳಿ ಪೂರ್ತಿ ಸುಟ್ಟಿದೆ, ಕೂದಲಿನ ಎಳೆ ಒಂದೂ ಉಳಿದಿಲ್ಲ. ಎರಡು, ಬಲಗಡೆ ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್. ಅದನ್ನು ಕ್ರಾಪ್ ಮಾಡಿ ಬಿಸಾಕಿ, ಚಿತ್ರ ನೂರು ವರ್ಷ ಹಿಂದಕ್ಕೆ ಹೋಗುತ್ತೆ.

ಸ್ಟುಡಿಯೋ ಕಾಕಾ
ಫೋಟೋ ಛಲೋ ಬಂದೈತಿ ತಮ್ಮಾ. ಬಿಳಿ ಸುಟ್ಟೈತಿ ಅನ್ನೋದು ಖರೇ. ನಾ ಹುಬ್ಬಳ್ಳ್ಯಾಗ ಮೂವತ್ತು ವರ್ಷ ಸ್ಟುಡಿಯೋ ನಡೆಸಿದಾಂವ, ಡಿಜಿಟಲ್ ಕೈಗೆ ಬಂದಾಗ ನಾನೂ ಇದ ತಪ್ಪು ಮಾಡೀನಿ. ಯಾಕಂದ್ರ ರೋಲಿನ ಕಾಲದಾಗ ನಾವು ಕಲ್ತಿದ್ದು ಉಲ್ಟಾ. ನೆಗೆಟಿವ್ ಫಿಲ್ಮಿಗೆ ಕತ್ತಲ ಭಾಗ ನೋಡಿ ಬೆಳಕು ಕೊಡಬೇಕು. ನೆರಳಿನ್ಯಾಗ ಏನೂ ದಾಖಲ್ ಆಗ್ಲಿಲ್ಲ ಅಂದ್ರ ನೆಗೆಟಿವ್ ಅಲ್ಲಿ ಬರೇ ಪಾರದರ್ಶಕ, ಯಾವ ದೇವ್ರೂ ತಂದುಕೊಡಂಗಿಲ್ಲ. ಬಿಳಿ ಜಾಸ್ತಿ ಆತು ಅಂದ್ರ ಅಲ್ಲಿ ದಟ್ಟ ಆಗ್ತಿತ್ತು ಅಷ್ಟ. ಪ್ರಿಂಟ್ ಹಾಕೋವಾಗ ಉಳಿದ ಕಡೆ ಕೈ ಅಡ್ಡ ಹಿಡಿದು, ಆ ಜಾಗಕ್ಕ ನಾಕು ಸೆಕೆಂಡ್ ಹೆಚ್ಚಿಗಿ ಬೆಳಕು ಕುಡಿಸಿದ್ರ ಸೀರಿ ಅಂಚು, ಕೂದಲ, ಎಲ್ಲಾ ಎದ್ದು ಬರ್ತಿತ್ತು. ಊಟಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಕಾಗದದ ಮ್ಯಾಲೆ ಹಂಗ ಎಷ್ಟು ಮದುವಿ ಉಳಿಸೀನೋ ಲೆಕ್ಕ ಇಲ್ಲ.

ಡಿಜಿಟಲ್ ಸೆನ್ಸರ್ ಹಂಗಲ್ಲ. ಬಿಳಿ ತುಂಬಿ ಚೆಲ್ಲಿತು ಅಂದ್ರ ಮುಗೀತು, ಅಲ್ಲಿ ಮಾಹಿತಿನ ಇಲ್ಲ. ಕತ್ತಲದಾಗ ಮಾತ್ರ ಬೇಕಾದಷ್ಟು ಅಡಗಿರ್ತದ, ಆಮ್ಯಾಲೆ ಎಬ್ಬಸಬಹುದು, ಸ್ವಲ್ಪ ಕಾಳು ಕಾಳು ಬರ್ತದ ಅಷ್ಟ. ಅದಕ್ಕ ಇನ್ನೊಮ್ಮೆ ತಗಿಯೋವಾಗ ಬೆಳಕು ಬಿದ್ದ ಜಾಗದ ಮ್ಯಾಲೆ ಬೆಳಕು ಅಳಿಯೋ ಮೀಟರ್ ಹಿಡಿ. 1/15 ಬದ್ಲಿ 1/125 ಇಡು, ಮೂರು ಸ್ಟಾಪ್ ಕಮ್ಮಿ, ಅಂದ್ರ ಬೆಳಕು ಮೂರು ಸಲ ಅರ್ಧಕ್ಕ ಅರ್ಧ. ರಾ ಫೈಲ್‌ನಾಗ, ಅಂದ್ರ ಕ್ಯಾಮೆರಾ ತಿದ್ದದ ಕಚ್ಚಾ ಫೈಲ್‌ನಾಗ ತಗಿ. ಪರದೆ ಮ್ಯಾಲೆ ಅಡುಗಿಮನಿ ಕಪ್ಪ ಕಾಣ್ತದ, ಹೆದರಬ್ಯಾಡ.

ಹೆಂಚಿನಮನೆ
ಕಾಕಾ, ಇದನ್ನು ಬರೆದಿಟ್ಟುಕೊಂಡೆ. ಆದರೆ 1/125 ಇಟ್ಟರೆ ಒಗ್ಗರಣೆ ಅಕ್ಕನಿಗೆ ಇಷ್ಟವಾದ ಕೈಯ ಮಸುಕು ಹೋಗ್ತದಲ್ಲ?

ಸ್ಟುಡಿಯೋ ಕಾಕಾ
ಶಾಣ್ಯಾ ಇದ್ದಿ. ಹಂಗಾರ 1/15 ಇರ್ಲಿ, ಎಫ್ 4 ಇದ್ದದ್ದು ಎಫ್ 11 ಮಾಡು, ಲೆನ್ಸಿನ ಕಿಂಡಿ ಸಣ್ಣದಾಗ್ತದ. ಅದೂ ಮೂರು ಸ್ಟಾಪ್‌ನ. ಹಿಂದಿನ ಗ್ವಾಡಿ ಮಸಿನೂ ಚೂರು ಸ್ಪಷ್ಟ ಆಗ್ತದ, ಅದು ನಿನಗ ಬೇಕೋ ಬ್ಯಾಡೋ ನೋಡ್ಕೊ.

ಗುಬ್ಬಚ್ಚಿ
ನನ್ನ ಹತ್ರ ಇರೋದು ಫೋನ್ ಒಂದೇ. ಇಂಥ ಬೆಳಕಲ್ಲಿ ತೆಗೆದರೆ ಕೋಲೂ ಇರಲ್ಲ ಕತ್ತಲೂ ಇರಲ್ಲ, ಎಲ್ಲಾ ಒಂದೇ ಸಮ ಬೆಳ್ಳಗೆ, ಬ್ಯಾಂಕಿನೊಳಗೆ ತೆಗೆದ ಹಾಗೆ. ಯಾಕೆ?

ಮೂರುಕಾಲು
ಫೋನು ಒಂದೇ ಕ್ಲಿಕ್ಕಿನಲ್ಲಿ ಹಲವು ಫೋಟೋ ತೆಗೆದು ಬೆರೆಸುತ್ತೆ. ಕತ್ತಲನ್ನು ಎತ್ತುತ್ತೆ, ಬಿಳಿಯನ್ನು ತಗ್ಗಿಸುತ್ತೆ. ಅದರ ಲೆಕ್ಕದಲ್ಲಿ ಕತ್ತಲೆ ಅಂದರೆ ತಪ್ಪು. ಪರದೆಯ ಮೇಲೆ ಬೆಳಕು ಬಿದ್ದ ಜಾಗವನ್ನು ಮುಟ್ಟಿ, ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತಲ್ಲ, ಅದನ್ನು ಬೆರಳಲ್ಲಿ ಕೆಳಗೆಳೆಯಿರಿ. ಎಚ್‌ಡಿಆರ್ (ಈ ಬೆರೆಸೋ ಕೆಲಸದ ಹೆಸರು), ನೈಟ್ ಮೋಡ್ ಆಫ್ ಮಾಡೋಕೆ ಬಿಟ್ಟರೆ ಆಫ್ ಮಾಡಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಹಿಮದ ಊರು
ಮಿನೆಸೋಟಾದಿಂದ. ಹೊರಗೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ನನ್ನ ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಅಂದರೇ ಸ್ಮೋಕ್ ಅಲಾರಂ ಕೂಗುತ್ತೆ. ಈ ಫೋಟೋದ ಹೊಗೆ ನೋಡಿ ಸುಮ್ಮನೆ ಐದು ನಿಮಿಷ ಕೂತಿದ್ದೆ. ತಾಂತ್ರಿಕ ಸಲಹೆ ಏನೂ ಇಲ್ಲ.

ಒಗ್ಗರಣೆ
ಸಿಲಿಂಡರ್ ವಿಷಯಕ್ಕೆ ಬರೋಣ. ಮೂರುಕಾಲು ಅವರೇ, ನೂರು ವರ್ಷ ಹಿಂದಕ್ಕೆ ಯಾಕೆ ಹೋಗಬೇಕು ಸ್ವಾಮಿ? ಅಜ್ಜಿ ಇರೋದು ಈಗ. ನಿಮಗೆ ಬೇಕಿರೋದು ಅಜ್ಜಿಯಾ, ಕ್ಯಾಲೆಂಡರ್ ಚಿತ್ರವಾ?

ಮೂರುಕಾಲು
ಕಣ್ಣು ನೇರ ಕೆಂಪು ಸಿಲಿಂಡರಿಗೆ ಹೋಗುತ್ತೆ ಅನ್ನೋದು ನನ್ನ ತಕರಾರು. ಇಡೀ ಚೌಕಟ್ಟಿನಲ್ಲಿ ಅಷ್ಟು ಗಾಢವಾದ ಬಣ್ಣ ಅದೊಂದೇ. ಬೇಕಿದ್ದರೆ ಕಪ್ಪು ಬಿಳುಪು ಮಾಡಿ, ಸಿಲಿಂಡರೂ ಇರಲಿ.

ದಸರಾ ಗೊಂಬೆ
ಕ್ರಾಪ್ ಮಾಡಬೇಡಿ ಕಣ್ರೀ. ನಮ್ಮ ಮೈಸೂರಿನವರೇ ಟಿ.ಎಸ್. ಸತ್ಯನ್ (1923–2009) ಜೀವಮಾನವಿಡೀ ತೆಗೆದಿದ್ದು ಹೆಚ್ಚಾಗಿ ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ. 1979ರ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಫೋಟೋಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶನ ಕಂಡವು. ಅವರ ಚಿತ್ರ ನೋಡುವಾಗ ನನ್ನ ಕಣ್ಣು ಮುಖದಿಂದ ಹೊರಟು ಹಿಂದಿನ ಗೋಡೆ, ಬಟ್ಟೆ, ಪಾತ್ರೆ ಎಲ್ಲಾ ಸುತ್ತಿಕೊಂಡು ಮತ್ತೆ ಮುಖಕ್ಕೇ ಬರುತ್ತೆ. ಇನ್ನು ಮೂವತ್ತು ವರ್ಷಕ್ಕೆ ಆ ಸಿಲಿಂಡರನ್ನೇ "ಆಗ ಹೀಗಿತ್ತು" ಅಂತ ಮೊಮ್ಮಕ್ಕಳಿಗೆ ತೋರಿಸ್ತೀವಿ.

ಕೊಕ್ಕರೆ
ನಂದೊಂದು ಬೇರೆ ತಕರಾರು, ಬೇಜಾರು ಮಾಡ್ಕೋಬ್ಯಾಡಿ. ಹೋದ ತಿಂಗಳು ನಾನು ಗೂಡಲ್ಲಿ ಮರಿ ಇರೋ ಫೋಟೋ ಹಾಕ್ದಾಗ ಕಾವಲಣ್ಣ ತೆಗ್ಸಿದ್ರು. ಸರೀನೇ, ಹತ್ರ ಹೋದ್ರೆ ತಾಯಿಹಕ್ಕಿ ಗೂಡು ಬಿಟ್ಟು ಹೋಯ್ತದೆ, ನಾವು ಸರಿಸಿದ ಕೊಂಬೆ ಕಾಗೆಗೆ ದಾರಿ ತೋರುಸ್ತದೆ. ಒಪ್ಕೊಂಡೆ. ನಮ್ಮ ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆ ಜನರ ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ತದೆ, ಅಲ್ಲಿ ನಿಯಮ ಪಾಲಿಸ್ಬೇಕಂದ್ರೆ ಕಣ್ಣು ಮುಚ್ಕೊಂಡು ಓಡಾಡ್ಬೇಕು, ಅದು ಬೇರೆ ಮಾತು. ನಾನು ಕೇಳ್ತಿರೋದು, ಅಜ್ಜಿ ಅಡುಗೆಮನೆನೂ ಗೂಡೇ ಅಲ್ವಾ? ಅವರನ್ನ ಕೇಳಿದ್ರಾ?

ಕಟ್ಟೆ ಕಾವಲು
ಕೊಕ್ಕರೆ ಕೇಳಿದ್ದು ನ್ಯಾಯವಾಗಿದೆ. ಮನುಷ್ಯರ ಫೋಟೋಗೆ ಇಲ್ಲಿ ಬರೆದಿಟ್ಟ ನಿಯಮ ಇಲ್ಲ, ಇರಬೇಕಿತ್ತು. ಹೆಂಚಿನಮನೆ, ನೀವೇ ಹೇಳಿ.

ಹೆಂಚಿನಮನೆ
ಪ್ರಾಮಾಣಿಕವಾಗಿ ಹೇಳ್ತೇನೆ: ತೆಗೆಯುವಾಗ ಕೇಳಿದ್ದೆ, ಇಲ್ಲಿ ಹಾಕುವಾಗ ಕೇಳಿರಲಿಲ್ಲ. ನಿನ್ನೆ ರಾತ್ರಿ ಅತ್ತೆ ಫೋನ್ ಮಾಡಿ ಬೈದರು. "ಹೊಗೆ ಹಿಡಿದ ಅಡುಗೆಮನೆ, ಮಾಸಿದ ಸೀರೆ, ಊರವರೆಲ್ಲ ಏನಂದ್ಕೊಳ್ತಾರೆ, ಅಮ್ಮನ್ನ ನಾವು ಹೀಗೆ ಇಟ್ಟಿದ್ದೇವೆ ಅಂತಲಾ?" ಆಮೇಲೆ ಅಜ್ಜಿಗೆ ತೋರಿಸಿದೆ. ಫೋನನ್ನು ಕೈ ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡಿದರು. ಸೀರೆ ಬಗ್ಗೆ ಒಂದಕ್ಷರ ಇಲ್ಲ. ಕೂದಲು ಸುಟ್ಟದ್ದು ಕಾಣಲೇ ಇಲ್ಲ. "ಅಲ್ದಾ ತಮಾ, ಹರಿದ ತೊಡದೇವೇ ಸಿಕ್ಕಿದ್ದಾ ನಿಂಗೆ ಫೋಟೋ ಹೊಡೆಯಲೆ?" ಅಂದರು.

ಜೂಮ್ ಮಾಡಿ ನೋಡಿದೆ. ನಿಜ. ಮಡಕೆಯ ಎಡ ಅಂಚಿನಲ್ಲಿ ಒಂದು ಬೆರಳಗಲ ಹರಿದಿದೆ. ನೀವು ಇಷ್ಟು ಜನ ನೋಡಿದಿರಿ, ನಾನು ಐವತ್ತು ಸಲ ನೋಡಿದ್ದೇನೆ, ಒಬ್ಬರಿಗೂ ಕಂಡಿಲ್ಲ. ಫೋಟೋ ಇರಲಿ ಅಂದಿದ್ದಾರೆ. ಆದರೆ ಸರಿಯಾದ ತೊಡದೇವು ಎದ್ದಾಗ ಇನ್ನೊಂದು ತೆಗೆದು ಅದನ್ನೂ ಹಾಕಬೇಕು ಅನ್ನೋದು ಷರತ್ತು.

ಒಗ್ಗರಣೆ
ಇಲ್ಲಿ ಇವತ್ತಿನವರೆಗೆ ಬಂದ ವಿಮರ್ಶೆಗಳಲ್ಲೇ ಇದು ಮೊದಲನೇ ಸ್ಥಾನ.

ಕೊಕ್ಕರೆ
ಅಜ್ಜಿ ಒಪ್ಪಿದ್ಮೇಲೆ ನಂದೇನೂ ಇಲ್ಲ. ಮುಂದೆ ಯಾರೇ ಮನುಷ್ಯರ ಫೋಟೋ ಹಾಕಿದ್ರೂ, ಕೇಳಿದ್ದೀನಿ ಅಂತ ಒಂದು ಸಾಲು ಬರೀಲಿ. ನನ್ನ ಕೆರೆ ಫೋಟೋ ಒಂದು ಯಾವುದೋ ಹೋಟೆಲ್ ಗೋಡೆ ಮೇಲೆ ಆಳೆತ್ತರ ನೇತಾಡ್ತಿತ್ತು, ಕೇಳ್ದೆ ಕದ್ದಿದ್ದು. ಕೆರೆಗೆ ನಾಚಿಕೆ ಇಲ್ಲ ಬಿಡಿ, ಮನುಷ್ಯರ ಮುಖ ಆಗಿದ್ರೆ?

ಕಟ್ಟೆ ಕಾವಲು
ಸೇರಿಸಿದ್ದೇನೆ. ಇವತ್ತಿನಿಂದಲೇ ಜಾರಿ.

ಪಿಯುಸಿ ಮೇಷ್ಟ್ರು
ತಡವಾಗಿ ಬಂದೆ, ಪರೀಕ್ಷೆ ಕೆಲಸ. ನೀವೆಲ್ಲ ಮೇಲೆ ನೋಡ್ತಿದ್ದೀರಿ, ನಾನು ನೆಲ ನೋಡ್ತಿದ್ದೇನೆ. ಎಡಗಡೆ ಕೆಳಮೂಲೆಯಲ್ಲಿ, ಒರಳಿನ ಪಕ್ಕ, ನಿಂಬೆಹಣ್ಣಿನ ಗಾತ್ರದ ಮೂರು ಚುಕ್ಕೆ ಬೆಳಕಿದೆ. ಗಾಜಿನ ಹೆಂಚಿನ ಬೆಳಕು ಅಗಲವಾಗಿ, ಚೌಕ ಚೌಕವಾಗಿ ಬಿದ್ದಿದೆ. ಇವು ಮಾತ್ರ ದುಂಡಗೆ, ತುಸು ಉದ್ದುದ್ದ. ಹೆಂಚಿನ ಸಂದಿ ದುಂಡಗಿರೋದಿಲ್ಲ, ಅಡ್ಡಾದಿಡ್ಡಿ ಇರುತ್ತೆ. ಚುಕ್ಕೆ ಯಾಕೆ ದುಂಡಗಿದೆ, ಯಾರಾದರೂ ಹೇಳ್ತೀರಾ?

ಗುಬ್ಬಚ್ಚಿ
ಮೇಷ್ಟ್ರೇ, ರಜೆ ದಿನವೂ ಪ್ರಶ್ನೆನಾ.

ಪಿಯುಸಿ ಮೇಷ್ಟ್ರು
ಹಾಗಾದರೆ ನಾನೇ ಹೇಳ್ತೇನೆ. ಅವು ಸಂದಿಯ ಆಕಾರ ಅಲ್ಲ, ಸೂರ್ಯನ ಚಿತ್ರಗಳು. ಸಣ್ಣ ಕಿಂಡಿ, ಎದುರಿಗೆ ಕತ್ತಲ ಕೋಣೆ: ಅಡುಗೆಮನೆಯೇ ಒಂದು ಪಿನ್‌ಹೋಲ್ ಕ್ಯಾಮೆರಾ. ಕಿಂಡಿಯಿಂದ ನೆಲಕ್ಕೆ ಎಷ್ಟು ದೂರವೋ ಅದರ ಸುಮಾರು 108ರಲ್ಲಿ ಒಂದು ಭಾಗ ಸೂರ್ಯಬಿಂಬದ ಅಗಲ. ಮಾಡು ಹನ್ನೆರಡು ಅಡಿ ಎತ್ತರ ಅಂದುಕೊಳ್ಳಿ. ಹತ್ತೂವರೆಯ ಓರೆ ಬಿಸಿಲು ಸುಮಾರು ಹದಿನೈದು ಅಡಿ ಸಾಗಿ ಬರುತ್ತೆ, ಅಂದರೆ 180 ಇಂಚು. ಭಾಗಿಸಿದರೆ ಒಂದೂಮುಕ್ಕಾಲು ಇಂಚಿಗೆ ಹತ್ತಿರ. ಓರೆಯಾಗಿ ಬಿದ್ದದ್ದಕ್ಕೆ ಉದ್ದುದ್ದ. ಸಂದಿ ತ್ರಿಕೋನವಿರಲಿ, ಬಿರುಕಿರಲಿ, ಬಿಂಬಕ್ಕಿಂತ ತುಂಬಾ ಚಿಕ್ಕದಿದ್ದರೆ ಸಾಕು, ಚುಕ್ಕೆ ದುಂಡಗೇ ಬರುತ್ತೆ. ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದಾಗ ಇಷ್ಟೊಂದು ಕ್ಯಾಮೆರಾ ಮಾರುತ್ತಿದ್ದೇವೆ ಅಂತ ಅವರಿಗೂ ಹೊಳೆದಿರಲಿಕ್ಕಿಲ್ಲ.

ಕಡಲತಡಿ
ಮೇಷ್ಟ್ರೇ, ಇದಕ್ಕೆ ನನ್ನ ಹತ್ತಿರ ಸಾಕ್ಷಿ ಉಂಟು! 2019ರ ಡಿಸೆಂಬರ್ 26, ಕಂಕಣ ಗ್ರಹಣ. ನಮ್ಮ ಮಂಗಳೂರಿಗೆ ಪೂರ್ತಿ ಬಳೆ ಕಾಣುವ ಭಾಗ್ಯ. ಎಲ್ಲರೂ ಕನ್ನಡಕ ಹಿಡಿದು ಮೇಲೆ ನೋಡ್ತಿದ್ದರು ಮಾರಾಯ್ರೆ, ನಾನು ನೀರು ಕುಡಿಯಲಿಕ್ಕೆ ಒಳಗೆ ಬಂದವಳು ಹಾಗೇ ನಿಂತೆ. ಚಾವಡಿಯ ಗೋಡೆಯಲ್ಲಿ, ನೆಲದಲ್ಲಿ, ಕುರ್ಚಿಯ ಕೈಯಲ್ಲಿ ಸಣ್ಣ ಸಣ್ಣ ಬಳೆಗಳು. ಹೆಂಚಿನ ಎಷ್ಟು ಸಂದಿಯೋ ಅಷ್ಟು. ನಾಲ್ಕು ಫೋಟೋ ತೆಗೆದಿದ್ದೆ, ಕೈ ನಡುಗಿ ಮೂರು ಹಾಳು. ಉಳಿದ ಒಂದು ಇಲ್ಲಿದೆ. ಬೆಕ್ಕಿನ ಬೆನ್ನ ಮೇಲೆ ಎರಡು ಬಳೆ ಕಾಣ್ತದೆ ನೋಡಿ.

ದಸರಾ ಗೊಂಬೆ
ಬೆಕ್ಕಿಗೆ ಬಳೆ! ನಮ್ಮ ಮೈಸೂರಲ್ಲಿ ಅವತ್ತು ಬಳೆ ಕೂಡಲಿಲ್ಲ, ಒಂದು ಕಡೆ ಬಾಯಿ ಬಿಟ್ಟುಕೊಂಡಿತ್ತು. ಮರದಡಿಯ ನೆರಳೆಲ್ಲಾ ಕುಡುಗೋಲು ಚೆಲ್ಲಿದ ಹಾಗೆ. ಎಲೆಗಳ ಸಂದಿಯೂ ಅದೇ ಕೆಲಸ ಮಾಡುತ್ತೆ ಅಲ್ವಾ?

ಪಿಯುಸಿ ಮೇಷ್ಟ್ರು
ಅದೇ. ಕಡಲತಡಿ ಅವರೇ, ಆ ಫೋಟೋವನ್ನು ನನ್ನ ತರಗತಿಯಲ್ಲಿ ತೋರಿಸಬಹುದಾ? ಕೊಕ್ಕರೆ ನಿಯಮದ ಪ್ರಕಾರ ಕೇಳ್ತಿದ್ದೇನೆ.

ಕಡಲತಡಿ
ಖಂಡಿತ. ಬೆಕ್ಕೂ ಒಪ್ಪಿದೆ.

ಸ್ಟುಡಿಯೋ ಕಾಕಾ
ನಮ್ಮ ಕಡೆ ಮಾಳಿಗಿ ಮನ್ಯಾಗ ಹೆಂಚಿಲ್ಲ, ಬೆಳಕಿಂಡಿ ಇರ್ತದ. ಮಣ್ಣಿನ ಮಾಳಿಗ್ಯಾಗ ಒಂದ ತೂತು, ಮಳಿ ಬಂದ್ರ ಮ್ಯಾಲೆ ಮುಚ್ಚೋದು. ಸಣ್ಣಾಂವ ಇದ್ದಾಗ ಮಧ್ಯಾಹ್ನ ಆ ಬಿಸಿಲಿನ್ಯಾಗ ಧೂಳು ಕುಣಿಯೋದು ನೋಡ್ಕೋತ ಮಲಗ್ತಿದ್ವಿ.

ಇದಕ್ಕ ದೊಡ್ಡಪ್ಪ ಹಂಪ್ಯಾಗ ಐತಿ. ವಿರೂಪಾಕ್ಷ ಗುಡಿ ಹಿಂದಿನ ಭಾಗದಾಗ ಸಣ್ಣ ಕತ್ತಲ ಕೋಣಿ, ಗ್ವಾಡ್ಯಾಗ ಒಂದು ಕಿಂಡಿ. ಪೂರ್ವದ ಒಂಬತ್ತು ಅಂತಸ್ತಿನ ದೊಡ್ಡ ಗೋಪುರ ಎದುರು ಗ್ವಾಡಿ ಮ್ಯಾಲೆ ತೆಳಗ ಮ್ಯಾಲಾಗಿ ಬೀಳ್ತದ. ಗೈಡ್‌ಗಳು "ಗೋಪುರದ ನೆರಳು" ಅಂತಾರ.

ಪಿಯುಸಿ ಮೇಷ್ಟ್ರು
ನೆರಳಲ್ಲ ಕಾಕಾ, ಬಿಂಬ. ನೆರಳಾದರೆ ಬೆಳಕು ತಡೆದ ಜಾಗ, ತಲೆಕೆಳಗಾಗೋ ಪ್ರಶ್ನೆಯೇ ಇಲ್ಲ. ಇಲ್ಲಿ ಗೋಪುರದ ತುದಿಯಿಂದ ಹೊರಟ ಬೆಳಕು ಕಿಂಡಿ ದಾಟಿ ಗೋಡೆಯ ಕೆಳಕ್ಕೆ ಹೋಗುತ್ತೆ, ಬುಡದ ಬೆಳಕು ಮೇಲಕ್ಕೆ. ನಿಮ್ಮ ಕ್ಯಾಮೆರಾ ಸೆನ್ಸರ್ ಮೇಲೂ ಹೀಗೇ ಬೀಳೋದು.

ಸ್ಟುಡಿಯೋ ಕಾಕಾ
ಗೊತ್ತೈತ್ರಿ ಮಾಸ್ತರ. ಮೂವತ್ತು ವರ್ಷ ಗಿರಾಕಿಗಳನ್ನ ಉಲ್ಟಾನ ನೋಡೀನಿ, ದೊಡ್ಡ ಪ್ಲೇಟ್ ಕ್ಯಾಮೆರಾದ ಮಸುಕು ಗಾಜಿನ ಮ್ಯಾಲೆ, ಕರೀ ಬಟ್ಟಿ ತಲೀಮ್ಯಾಲೆ ಹೊದ್ಕೊಂಡು.

ಹೆಂಚಿನಮನೆ
ನಿಮ್ಮ ಮಾತು ಕೇಳಿ ಸುಮ್ಮನಿರಲು ಆಗಲಿಲ್ಲ. ಶನಿವಾರ ಪಡುಕೋಣೆಯ ಕಿಟಕಿಗೆ ರಟ್ಟು, ಅದರ ಮೇಲೆ ಕಪ್ಪು ಕಂಬಳಿ. ರಟ್ಟಿನಲ್ಲಿ ಪೆನ್ಸಿಲ್ ತೂರುವಷ್ಟು ತೂತು. ಮೊದಲು ಏನೂ ಇಲ್ಲ, ಬರೀ ಕತ್ತಲು, ಬೆವರು. ಐದಾರು ನಿಮಿಷ ಕಣ್ಣು ಪಳಗಿದ ಮೇಲೆ ಸುಣ್ಣದ ಗೋಡೆಯ ಮೇಲೆ ಮೆಲ್ಲಗೆ ಹಸಿರು ಕಾಣಿಸಿತು. ಅಡಿಕೆ ತೋಟ ತಲೆಕೆಳಗು! ಸೋಗೆ ನೆಲದ ಕಡೆ, ಬುಡ ಆಕಾಶದ ಕಡೆ. ಗಾಳಿ ಬಂದಾಗ ಅಲ್ಲಾಡ್ತದೆ ಬೇರೆ. ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು ಐಎಸ್ಒ 800, ಎಫ್ 2.8, 30 ಸೆಕೆಂಡ್. ಸೋಗೆ ಎಲ್ಲ ಮಸುಕು, ಕಾಂಡ ಮಾತ್ರ ನೆಟ್ಟಗೆ ಬಂದಿದೆ.

ಅಜ್ಜಿಯನ್ನು ಕರೆದು ಕೂರಿಸಿದೆ. ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ, "ಅಡಿಕೆ ಕೊನೆ ಕೊಯ್ಯವ್ಕೆ ಇದು ಸುಲಭ" ಅಂದರು.

ಗುಬ್ಬಚ್ಚಿ
ಅಜ್ಜಿಗೆ ಇಲ್ಲೊಂದು ಖಾತೆ ಮಾಡಿಕೊಡಿ ದಯವಿಟ್ಟು.

ಮೂರುಕಾಲು
ಸೋತೆ. ಸಿಲಿಂಡರ್ ಇರಲಿ. ಅಂದ ಹಾಗೆ ತೊಡದೇವಿನ ಎರಡನೇ ಫೋಟೋ ಎಲ್ಲಿ?

ಹೆಂಚಿನಮನೆ
ಅದೇ ತಾಪತ್ರಯ. ಹದಿನೈದು ದಿನ ಬಿಟ್ಟು ಮತ್ತೆ ಕೂತೆವು. ಅದೇ ಹತ್ತೂವರೆ, ಕಾಕಾ ಹೇಳಿದ ಎಫ್ 11, ಕಟ್ಟಿಗೆ, ಹೊಗೆ, ಎಲ್ಲಾ ಸಿದ್ಧ. ಬಿಸಿಲುಕೋಲು ಒಲೆಗೆ ಬೀಳಲೇ ಇಲ್ಲ! ಒಂದು ಮೊಳ ಆಚೆ, ದಕ್ಷಿಣಕ್ಕೆ, ನೀರಿನ ಹಂಡೆಯ ಮೇಲೆ ಬಿತ್ತು. ಹೆಂಚು ಸರಿದಿದೆಯಾ ಅಂತ ಮಾಡು ಹತ್ತಿ ನೋಡಿ ಬಂದೆ. ಅಜ್ಜಿ ಕೆಳಗಿಂದ, "ಶಿವರಾತ್ರಿ ಕಳೆದ ಮೇಲೆ ಅದು ಹಂಡೆ ಬದಿಗೇ ಹೋಪದು, ನಿಂಗೆ ಗೊತ್ತಿಲ್ಯಾ" ಅಂತ ಕೇಳಿದರು. ಎಪ್ಪತ್ತು ವರ್ಷ ಅದೇ ಬೆಳಕು ನೋಡಿ ಹಾಲು ಕಾಯಿಸಿದವರು.

ಪಿಯುಸಿ ಮೇಷ್ಟ್ರು
ಸೂರ್ಯ ಉತ್ತರಕ್ಕೆ ಬರ್ತಿದ್ದಾನೆ, ಬೆಳಕು ದಕ್ಷಿಣಕ್ಕೆ ಸರಿಯುತ್ತೆ. ಹನ್ನೆರಡಡಿ ಮಾಡಿಗೆ ಹದಿನೈದು ದಿನದಲ್ಲಿ ಒಂದು ಮೊಳ, ಲೆಕ್ಕ ಸರಿ ಇದೆ. ಆ ಕೋಲು ಮತ್ತೆ ಒಲೆಗೆ ಬರೋದು ಸೂರ್ಯ ವಾಪಸು ದಕ್ಷಿಣಕ್ಕೆ ಇಳಿಯುವಾಗ, ಅಕ್ಟೋಬರ್ ಕೊನೆಗೆ. ಇನ್ನೊಂದು ವಿಷಯ: ಆಗ ಗಡಿಯಾರದಲ್ಲಿ ಹತ್ತೂವರೆ ಅಲ್ಲ, ಹತ್ತಕ್ಕೇ ಸಿದ್ಧವಾಗಿರಿ. ಫೆಬ್ರವರಿಯಲ್ಲಿ ಸೂರ್ಯ ವರ್ಷದ ಸರಾಸರಿಗಿಂತ ಕಾಲು ಗಂಟೆ ಹಿಂದೆ, ಅಕ್ಟೋಬರ್ ಕೊನೆಯಲ್ಲಿ ಕಾಲು ಗಂಟೆ ಮುಂದೆ. ಒಟ್ಟು ಅರ್ಧ ಗಂಟೆ ವ್ಯತ್ಯಾಸ.

ಒಗ್ಗರಣೆ
ಅಕ್ಟೋಬರಲ್ಲಿ ಕಬ್ಬಿನ ಹಾಲೆಲ್ಲಿ?

ಹೆಂಚಿನಮನೆ
ಬೆಲ್ಲ ಹಾಕಿ ಮಾಡಿದರಾಯ್ತು ಅಂದಿದ್ದಾರೆ. ಅತ್ತೆ ಹೊಸ ಸೀರೆ ಕಳಿಸ್ತೇನೆ ಅಂದಿದ್ದಾರೆ, ಒಲೆ ಮುಂದೆ ಹೊಸ ಸೀರೆ ಉಡುವವರು ಯಾರು ಅಂತ ಅಜ್ಜಿ ಕೇಳಿದ್ದಾರೆ, ಆ ಜಗಳ ಅವರಿಬ್ಬರದು. ನನಗೆ ಒಪ್ಪಿಸಿದ ಕೆಲಸ ಒಂದೇ: ಅಷ್ಟರೊಳಗೆ ಗಾಜಿನ ಹೆಂಚು ಒರೆಸಿಡಬೇಕು. ಎಂಟು ವರ್ಷದ ಮಸಿ ಕೂತಿದೆಯಂತೆ.

ಸ್ಟುಡಿಯೋ ಕಾಕಾ
ಬ್ಯಾಡ ತಮ್ಮಾ! ಆ ಮಸಿ ಮುಟ್ಟಬ್ಯಾಡ. ಅದು ಬಿಸಿಲು ತಡೆದದ್ದಕ್ಕ ನಿನಗ ಇಷ್ಟರ ಫೋಟೋ ಬಂದೈತಿ. ಗಾಜು ಸ್ವಚ್ಛ ಆತು ಅಂದ್ರ ಬಿಳಿ ಇನ್ನೂ ಸುಡ್ತದ, ಎಫ್ 11 ಏನೂ ಸಾಲಂಗಿಲ್ಲ.

ಹೆಂಚಿನಮನೆ
ತಡವಾಯ್ತು ಕಾಕಾ. ಬೆಳಿಗ್ಗೆಯೇ ಒರೆಸಿ ಇಳಿದೆ.

ಸ್ಟುಡಿಯೋ ಕಾಕಾ
ಹಂಗಾರ ಅಜ್ಜಿಗೆ ಹೇಳು, ಇವತ್ತಿಂದ ಹಸೀ ಕಟ್ಟಿಗಿ ಹಚ್ಚಲಿ.